ಅಂಗಡಿಯ ಕಾಲ ಕೆಳಗಿನ ಕಾಗದ

ಕಾರ್ನ್‌ಟೈನ್ ಯಾರ್ಡ್, ಗ್ಲಾಸ್ಗೋ
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಹೇಗಿದೆ? ನೈರ್ನಿನ ಜಾತ್ರೆ ಮೈದಾನದಲ್ಲಿ ಸಮುದ್ರದ ಗಾಳಿ ಜೋರಾಗಿದೆ ಎಂದು ಅಪ್ಪ ಹೇಳಿದರು. ರಿಂಗ್ ಎಸೆತದ ಅಂಗಡಿಯಲ್ಲಿ ನಿಲ್ಲುವಾಗ ಆ ಉಣ್ಣೆಯ ಪಟ್ಟಿಯನ್ನು ಕಟ್ಟಿಕೋ. ಗಿರಾಕಿಗಳು ನೋಡುತ್ತಾರೆ ಎಂದು ನಾಚಬೇಡ, ಅವರ ಕಣ್ಣು ಬಹುಮಾನದ ಗೊಂಬೆ ಕರಡಿಗಳ ಮೇಲೆ ಇರುತ್ತದೆ, ನಿನ್ನ ಮಂಡಿಯ ಮೇಲಲ್ಲ. ಅಪ್ಪನ ಕೆಮ್ಮು ನಿಂತಿತೇ? ಆಟದ ಡಿಕ್ಕಿ ಕಾರುಗಳ ಮೋಟಾರನ್ನು ಅವರೊಬ್ಬರೇ ಎತ್ತದಿರಲಿ. ನಾನಿಲ್ಲಿ ಚೆನ್ನಾಗಿದ್ದೇನೆ. ಫಿನ್ಲೆ ಶಾಲೆಗೆ ಹೋಗಲು ಶುರುಮಾಡಿ ಒಂದು ತಿಂಗಳಾಯಿತು. ಮೊದಲ ವಾರ ದಿನಾ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು, ‘ಅಜ್ಜಿ ಎಲ್ಲಿ, ಅಜ್ಜಿನೇ ಬಿಡಲಿ’ ಎಂದು ಅಳುತ್ತಿದ್ದ. ಈಗ ಅಳು ನಿಂತಿದೆ, ಜಂಬ ಶುರುವಾಗಿದೆ. ಟೀಚರ್ ಒಂದು ದಿನ ನನ್ನನ್ನು ನಿಲ್ಲಿಸಿ, ಮೂರರ ಮಗ್ಗಿಯನ್ನು ಇವನಿಗೆ ಯಾರು ಕಲಿಸಿದರು ಎಂದು ಕೇಳಿದರು. ಒಂದು ಪೌಂಡಿಗೆ ಮೂರು ರಿಂಗು, ಎರಡಕ್ಕೆ ಆರು ಎಂದು ನೀನು ಅಂಗಡಿಯ ಹಲಗೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು ಎಂದು ಹೇಳಬೇಕಿತ್ತು. ನನಗೆ ಶಾಲೆಯ ಕಾರಿಡಾರು ಎಂದರೆ ಈಗಲೂ ಅಂಜಿಕೆ. ಸುಮ್ಮನೆ ನಕ್ಕು ಬಂದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಅನ್ನುತ್ತೀಯ. ಹೇಳಲು ನೋಡಿದೆ, ಮೂರು ಸಲ. ಫಿನ್ಲೆಯ ಹಲ್ಲು, ಫಿನ್ಲೆಯ ಬೂಟು ಎಂದರೆ ನಿನ್ನ ಲೈನು ಗಂಟೆಗಟ್ಟಲೆ ಸರಿಯಾಗಿರುತ್ತದೆ. ಪಿಂಚಣಿ ಎಂದ ಕೂಡಲೇ, ‘ಏನೂ ಕೇಳಿಸ್ತಿಲ್ಲ ಕಣೇ ರೋನಾ, ಇಲ್ಲಿ ಸಿಗ್ನಲ್ಲೇ ಇಲ್ಲ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಮಧ್ಯದಲ್ಲಿ ಇಡಲಾಗುವುದಿಲ್ಲ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ನಿಧಾನವಾಗಿ ಓದು, ಆದರೆ ಪೂರ್ತಿ ಓದು.

ಮಾರ್ಚಿನಲ್ಲಿ, ನೀವು ಚಳಿಗಾಲ ಕಳೆದು ಯಾರ್ಡಿನಿಂದ ಹೊರಡುವ ಹಿಂದಿನ ವಾರ, ನಾವಿಬ್ಬರೂ ಗಾಡಿಮನೆಯ ಮೇಜಿನ ಹತ್ತಿರ ಕುಳಿತು ಫೋನಿನಲ್ಲಿ ಸರ್ಕಾರದ ಪಿಂಚಣಿ ಪುಟ ತೆರೆದದ್ದು ನೆನಪಿದೆಯಲ್ಲ. ನೀನು ನೀನೇ ಎಂದು ನಂಬಿಸಲು ಲಾರಿಯ ಲೈಸೆನ್ಸ್ ತೋರಿಸಿ, ಮುಖವನ್ನೂ ತೋರಿಸಬೇಕಾಯಿತು. ‘ತಡಿಯೇ, ಕೂದಲು ಬಾಚಿಲ್ಲ, ಸರ್ಕಾರದವರು ಏನಂದ್ಕೋತಾರೆ’ ಎಂದು ನೀನು ಎದ್ದು ಹೋಗಿ ತುಟಿಗೆ ಬಣ್ಣ ಹಚ್ಚಿಕೊಂಡು ಬಂದೆ. ನಕ್ಕು ನಕ್ಕು ಫೋನು ಅಲ್ಲಾಡಿ ಎರಡು ಸಲ ಹೊಸದಾಗಿ ಮಾಡಬೇಕಾಯಿತು. ಆಮೇಲೆ ಪುಟ ತೆರೆಯಿತು, ನಾವು ನಗುವುದನ್ನು ನಿಲ್ಲಿಸಿದೆವು. ನಿನ್ನ ಹೆಸರಿನಲ್ಲಿ ಸರ್ಕಾರದ ವಿಮೆಗೆ ಕಂತು ಕಟ್ಟಿ ಸ್ಟಾಂಪು ತುಂಬಿದ ವರ್ಷ ಏಳು. ಪಿಂಚಣಿ ಸಿಗಲು ಕನಿಷ್ಠ ಹತ್ತು ಬೇಕು. ಒಂಬತ್ತಿದ್ದರೂ ಒಂದು ಪೆನ್ನಿಯೂ ಇಲ್ಲ. ಆ ಏಳೂ ನೀನು ಮದುವೆಗೆ ಮುಂಚೆ ಬಿಸ್ಕತ್ತು ಕಾರ್ಖಾನೆಯಲ್ಲಿದ್ದ ವರ್ಷಗಳು, ವಾರದ ಸಂಬಳದಿಂದ ಅವರೇ ಹಿಡಿದು ಕಟ್ಟಿದ್ದು. ಎಂಬತ್ತನಾಲ್ಕರಲ್ಲಿ ಅಪ್ಪನನ್ನು ಮದುವೆಯಾಗಿ ಜಾತ್ರೆಯ ಮೇಳದ ಜೊತೆ ಹೊರಟ ಮೇಲೆ, ಪ್ರತಿ ವರ್ಷದ ಎದುರಿಗೂ ಒಂದೇ ಮಾತು: ‘ಈ ವರ್ಷ ಪೂರ್ಣವಾಗಿಲ್ಲ.’ ನೀನು ಬೆರಳಿನಿಂದ ಪುಟವನ್ನು ಮೇಲಕ್ಕೆ ತಳ್ಳುತ್ತಲೇ ಹೋದೆ. ಪೂರ್ಣವಾಗಿಲ್ಲ, ಪೂರ್ಣವಾಗಿಲ್ಲ. ನಲವತ್ತು ಸಾಲು. ಕೊನೆಗೆ ಕನ್ನಡಕ ತೆಗೆದು, ಮೆಲ್ಲನೆ ನನ್ನನ್ನು ಒಂದು ಪ್ರಶ್ನೆ ಕೇಳಿದೆ. ಅಷ್ಟರಲ್ಲಿ ಅಪ್ಪ ಚಹಾ ಕೇಳುತ್ತಾ ಒಳಗೆ ಬಂದರು. ನಾನು ನೀರಿಡಲು ಎದ್ದೆ. ನೀನು ಅದನ್ನು ಮತ್ತೆ ಕೇಳಲಿಲ್ಲ.

ಅಮ್ಮಾ, ಆ ನಲವತ್ತು ಸಾಲು ನನ್ನನ್ನು ಬಿಡಲಿಲ್ಲ. ವೃದ್ಧಾಶ್ರಮದಲ್ಲಿ ಕೆಲಸ ಮಾಡುವಾಗ, ಯಾರದೋ ಹಾಸಿಗೆಯ ಚಾದರ ಬದಲಿಸುವಾಗ, ನಾನು ಒಂದೊಂದು ವರ್ಷವನ್ನೂ ನೆನೆಯುತ್ತಿದ್ದೆ. ಅಪ್ಪ ಕಾಲು ಮುರಿದುಕೊಂಡ ವರ್ಷ ನೀನು ನಿನ್ನ ಅಂಗಡಿಯನ್ನೂ ನೋಡಿಕೊಂಡು, ಡಿಕ್ಕಿ ಕಾರುಗಳನ್ನೂ ನಡೆಸಿ, ಲಾರಿಯನ್ನು ಅಬರ್ಡೀನಿನವರೆಗೆ ಓಡಿಸಿಕೊಂಡು ಹೋಗಿದ್ದೆ. ಅದು ಪೂರ್ಣವಾಗಿಲ್ಲವಂತೆ. ನಾನು ಹುಟ್ಟಿದ ವರ್ಷ, ಒಂಬತ್ತನೇ ದಿನಕ್ಕೇ ನನ್ನನ್ನು ಬಹುಮಾನದ ಪೆಟ್ಟಿಗೆಯಲ್ಲಿ ಕರಡಿಗಳ ಮಧ್ಯೆ ಮಲಗಿಸಿಕೊಂಡು ಅಂಗಡಿ ತೆರೆದೆಯಂತೆ. ಮೂರು ರಿಂಗನ್ನೂ ಸರಿಯಾಗಿ ಎಸೆದ ಒಬ್ಬ ಮೀನುಗಾರ ನನ್ನತ್ತ ಕೈ ತೋರಿಸಿ, ‘ನಂಗೆ ಆ ಗೊಂಬೆ ಕೊಡಮ್ಮ’ ಎಂದನಂತೆ. ‘ಅದು ಮೇಲಿನ ಸಾಲಿಂದು, ಅದಕ್ಕೆ ಇನ್ನೂ ಮೂರು ಎಸೀಬೇಕು’ ಎಂದು ನೀನು ಹೇಳಿದ್ದನ್ನು ಇಡೀ ಯಾರ್ಡು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಅದೂ ಪೂರ್ಣವಾಗಿಲ್ಲ! ಹಾಗಾದರೆ ಪೂರ್ಣವಾದ ವರ್ಷ ಎಂದರೆ ಹೇಗಿರುತ್ತದೆ ಎಂದು ಯಾರಾದರೂ ನನಗೆ ತೋರಿಸಲಿ.

ಅಪ್ಪನ ಮೇಲೆ ನನಗೆ ಕೋಪವಿಲ್ಲ. ಇದ್ದರೂ ಸ್ವಲ್ಪವೇ. ಊರಿನ ಲೆಕ್ಕಿಗನ ಹತ್ತಿರ ಹೋಗಿ ತಮ್ಮ ಸ್ಟಾಂಪನ್ನು ಪ್ರತಿ ವರ್ಷ ಕಟ್ಟಿಕೊಂಡು ಬಂದವರು, ಮನೆಗೆ ಒಂದು ಸಾಕು ಅಂದುಕೊಂಡರು. ‘ಗಂಡನಿಗಿದ್ರೆ ಹೆಂಡ್ತಿಗೂ ಇದ್ದಂಗೇ’ ಎಂದು ಈಗಲೂ ಅನ್ನುತ್ತಾರೆ. ಈಗಿನ ನಿಯಮ ಹಾಗಿಲ್ಲ. ನಾವು ಮೂವರು ಮಕ್ಕಳು ಚಿಕ್ಕವರಿದ್ದಾಗ ನೀನು ಸರ್ಕಾರದ ಮಕ್ಕಳ ಭತ್ಯೆಗೆ ಒಂದು ಅರ್ಜಿ ಹಾಕಿದ್ದರೂ ಅಷ್ಟು ವರ್ಷಗಳು ನಿನ್ನ ಹೆಸರಿಗೆ ತುಂಬುತ್ತಿದ್ದವು. ‘ನಾವು ಯಾರ ಮುಂದೆನೂ ಕೈ ಚಾಚೋ ಜನ ಅಲ್ಲ, ನೆಟ್ಟಾ’ ಎಂದು ಅವರು ಹೇಳಿದರು, ನೀನು ಆ ಕಾಗದದಲ್ಲಿ ಒಲೆ ಹೊತ್ತಿಸಿದೆ. ಆಗ ಆ ಹೆಮ್ಮೆಗೆ ಬೆಲೆ ತೆತ್ತವಳು ನೀನೊಬ್ಬಳೇ. ಅಪ್ಪನ ಸಾಲುಗಳೆಲ್ಲ ಪೂರ್ಣವಾಗಿವೆ. ಅದಕ್ಕೇ ಫಿನ್ಲೆ ಹುಟ್ಟಿದಾಗ ನಾನು ಅಪ್ಪನನ್ನು ಕೇಳದೆ ಭತ್ಯೆಗೆ ಅರ್ಜಿ ಹಾಕಿದೆ. ಈಗ ಹೇಳುತ್ತಿದ್ದೇನೆ, ಬೇಕಾದರೆ ಅವರಿಗೂ ಓದಿ ಹೇಳು.

ಜೂನಿನಲ್ಲಿ ಒಂದು ದಿನ ಧೈರ್ಯ ಮಾಡಿ ವಿಮೆಯ ಕಚೇರಿಗೆ ಫೋನು ಮಾಡಿದೆ. ಹೇಳಬೇಕಾದದ್ದನ್ನು ಓಟ್ಸ್ ಡಬ್ಬಿಯ ಹಿಂದೆ ಬರೆದಿಟ್ಟುಕೊಂಡಿದ್ದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಬಂದಳು. ನನ್ನ ಡಬ್ಬಿ ಓದಿ ಮುಗಿಯುವವರೆಗೂ ಮಧ್ಯೆ ಬಾಯಿ ಹಾಕಲಿಲ್ಲ. ಕಳೆದುಹೋದ ಕೆಲವು ವರ್ಷಗಳನ್ನು ದುಡ್ಡು ಕಟ್ಟಿ ತುಂಬಿಸಿಕೊಳ್ಳಬಹುದು ಎಂದಳು. ನೋಡಮ್ಮ, ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, ‘ಕೊಟ್ಟಿರೋ ವರ್ಷಾನೇ ಮತ್ತೆ ದುಡ್ಡು ಕೊಟ್ಟು ಕೊಂಡ್ಕೋಬೇಕಾ ನಮ್ಮಮ್ಮ?’ ಎಂದುಬಿಟ್ಟೆ. ಅವಳು ನನ್ನ ಕೆಲಸ, ಮನೆ, ಮಗು ಎಲ್ಲ ವಿಚಾರಿಸಿದಳು. ಆಮೇಲೆ ಅವಳು ಬೇರೆಯದೇ ಪ್ರಶ್ನೆ ಕೇಳಿದಳು. ‘ನೀವು ಕೆಲ್ಸಕ್ಕೆ ಹೋದಾಗ ಮಗು ಯಾರ ಹತ್ರ ಇರ್ತಿತ್ತು?’

ಯಾರ ಹತ್ತಿರ ಇತ್ತು! ಫಿನ್ಲೆಗೆ ಒಂದು ವರ್ಷ ತುಂಬಿ, ಅವನಪ್ಪ ಬಿಟ್ಟು ಹೋಗಿ, ನಾನು ವೃದ್ಧಾಶ್ರಮಕ್ಕೆ ಸೇರಿದಾಗಿನಿಂದ ಅವನು ನಿನ್ನ ಹತ್ತಿರವೇ ಇದ್ದ. ಚಳಿಗಾಲ ಯಾರ್ಡಿನಲ್ಲಿ, ಬೇಸಿಗೆ ನಿಮ್ಮ ಜೊತೆ ಊರೂರಿನಲ್ಲಿ. ಆ ಹೆಂಗಸು ಹೇಳಿದ್ದು ಇಷ್ಟೇ: ನನ್ನ ವರ್ಷ ನನ್ನ ಸಂಬಳದಿಂದಲೇ ತುಂಬುತ್ತದೆ. ಮಗುವಿನ ಭತ್ಯೆಗಾಗಿ ಅದೇ ವರ್ಷ ಇನ್ನೊಮ್ಮೆ ನನ್ನ ಹೆಸರಿಗೆ ಬರುತ್ತದೆ, ಅದು ನನಗೆ ಬೇಡ. ಬೇಡವಾದದ್ದನ್ನು ಮಗುವನ್ನು ನೋಡಿಕೊಂಡ ಅಜ್ಜಿಗೆ ಬರೆದುಕೊಡಬಹುದು. ಇಬ್ಬರೂ ಸಹಿ ಮಾಡಬೇಕು. ಮೂರು ವರ್ಷ, ಪೂರ್ತಿ ಮೂರು. ಏಳು ಮತ್ತು ಮೂರು ಎಷ್ಟು ಎಂದು ಫಿನ್ಲೆಗೂ ಗೊತ್ತು.

ನಾನು ಕುಣಿದಾಡಿಕೊಂಡು ಫಾರಂ ಕಳಿಸಿದೆ. ನೀನು ಏನು ಮಾಡಿದೆ? ‘ಮೊಮ್ಮಗನ್ನ ಎತ್ಕೊಂಡಿದ್ದಕ್ಕೆ ಬಾಡಿಗೆ ಕೇಳೋಳಲ್ಲ ನಾನು’ ಎಂದು ಫೋನಿಟ್ಟೆ. ಕಳೆದ ವಾರ ಅಪ್ಪ ನಗುತ್ತಾ ಹೇಳಿದರು: ‘ನಿಮ್ಮಮ್ಮ ನಿನ್ನ ಕಾಗದಾನ ಮಡಚಿ ಅಂಗಡಿ ಕಾಲಿಗೆ ಒತ್ತು ಕೊಟ್ಟಿದಾಳೆ ಕಣಮ್ಮ. ಈ ಮೈದಾನ ಬಹಳ ಓರೆ. ಈಗ ಒಂಚೂರೂ ಅಲ್ಲಾಡ್ತಿಲ್ಲ.’ ನಾನೂ ನಕ್ಕೆ. ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಮಾರನೆಯ ದಿನ ಐಲ್ಸಾ ಅತ್ತೆ ಬೇಲಿಯ ಆಚೆಯಿಂದ, ‘ಏನೇ ರೋನಾ, ಬಿಸ್ಕತ್ತಿನ ಹುಡುಗಿ ಸರ್ಕಾರಕ್ಕೆ ಮೊಮ್ಮಗನ ಬಿಲ್ ಕಳಿಸ್ತಾಳಂತೆ?’ ಎಂದು ಕೂಗಿದರು. ಅಪ್ಪನ ತಂಗಿಯೆಂದು ನಾನು ಯಾವತ್ತೂ ಅವರಿಗೆ ಎದುರಾಡಿದವಳಲ್ಲ. ನೀನು ಊರಿನ ಮನೆ ಬಿಟ್ಟು ಮೇಳಕ್ಕೆ ಬಂದು ನಲವತ್ತೊಂದು ವರ್ಷವಾದರೂ ಅವರ ಬಾಯಲ್ಲಿ ಬಿಸ್ಕತ್ತಿನ ಹುಡುಗಿಯೇ. ಒಗೆದ ಬಟ್ಟೆಯ ಬುಟ್ಟಿ ಕೆಳಗಿಟ್ಟು, ‘ಹೌದು ಅತ್ತೆ, ಕಳಿಸ್ತಾಳೆ. ನಿಮ್ಮದೂ ಇದ್ರೆ ಕೊಡಿ, ಜೊತೆಗೇ ಹಾಕ್ತೀನಿ’ ಎಂದೆ. ಅವರು ಒಳಗೆ ಹೋದರು. ಸಂಜೆ ಬಂದು ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ, ‘ಆ ಪುಟ ನಂಗೂ ಒಂದ್ಸಲ ತೆಗೆದು ತೋರಿಸ್ತೀಯಾ? ಅಣ್ಣನಿಗೆ ಹೇಳ್ಬೇಡ’ ಎಂದರು.

ಇದು ಬಾಡಿಗೆಯಲ್ಲ ಅಮ್ಮಾ. ಯಾರೂ ನಿನಗೆ ಫಿನ್ಲೆಯ ಬೆಲೆ ಕಟ್ಟುತ್ತಿಲ್ಲ, ಅದನ್ನು ಕಟ್ಟುವಷ್ಟು ದುಡ್ಡು ಯಾವ ಸರ್ಕಾರದ ಹತ್ತಿರವೂ ಇಲ್ಲ. ಆ ಮೂರು ವರ್ಷ ನೀನು ಇದ್ದೆ, ಏಳುತ್ತಿದ್ದೆ, ಉಣ್ಣಿಸುತ್ತಿದ್ದೆ, ನಿನ್ನಿಂದ ನಾನು ದುಡಿದೆ ಎಂದು ಒಂದು ಕಡೆ ಬರೆದಿರಲಿ ಎಂದಷ್ಟೇ ಕೇಳುತ್ತಿದ್ದೇನೆ. ಮೂವತ್ತೇಳು ಸಾಲು ಸುಳ್ಳು ಹೇಳಿಕೊಂಡು ಬೇಕಾದರೆ ಹಾಗೇ ಇರಲಿ. ಮೂರನ್ನು ಮಾತ್ರ ನಾನು ಹಾಗೆ ಬಿಡುವುದಿಲ್ಲ. ಮೈದಾನ ಓರೆಯಾಗಿದ್ದರೆ ನೆಲವನ್ನು ಬೈದುಕೊಂಡು ಕೂರಬೇಡ, ಕಾಲ ಕೆಳಗೆ ಏನಾದರೂ ಇಡು ಎಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳು ನೀನೇ. ಅಂಗಡಿಗೆ ಇಟ್ಟೆ, ಸರಿ. ಈಗ ನಿನ್ನ ಕಾಲ ಕೆಳಗೂ ಒಂದಿಡು.

ಹೊಸ ಫಾರಂ ಈ ಲಕೋಟೆಯಲ್ಲಿದೆ. ನನ್ನ ಸಹಿಯನ್ನು ಶಾಯಿಯಲ್ಲೇ ಮಾಡಿದ್ದೇನೆ. ನೀನು ಮಾಡಬೇಕಾದ ಕಡೆ ಪೆನ್ಸಿಲಿನಲ್ಲಿ ಚಿಕ್ಕ ಗುರುತು ಹಾಕಿದ್ದೇನೆ. ಇದನ್ನೂ ಮಡಚಿ ಇಟ್ಟರೆ ಇನ್ನೊಂದು ಬರುತ್ತದೆ. ಲೈಬ್ರರಿಯಲ್ಲಿ ಆರು ಪ್ರತಿ ತೆಗೆಸಿದ್ದೇನೆ. ನಿನ್ನ ಅಂಗಡಿಗೆ ನಾಲ್ಕೇ ಕಾಲು, ಅದರಲ್ಲಿ ಒಂದಕ್ಕೆ ಆಗಲೇ ಕೊಟ್ಟಾಗಿದೆ. ನೀನು ಹಠದವಳು ಎಂದು ಎಲ್ಲರೂ ಹೇಳುತ್ತಾರೆ. ನಾನು ಯಾರ ಮಗಳು ಎಂದು ಅವರು ಮರೆತಿದ್ದಾರೆ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಕೆಮ್ಮಿಗೆ ಜೇನು ಕಳಿಸಿದ್ದೇನೆ, ವಿಸ್ಕಿಗೆ ಬೆರೆಸದೆ ಕುಡಿಯಲಿ. ಅಕ್ಟೋಬರಿನಲ್ಲಿ ನೀವು ಬರುವಷ್ಟರಲ್ಲಿ ಗಾಡಿಮನೆಯ ಜಾಗವನ್ನು ಗುಡಿಸಿ, ನೀರಿನ ಪೈಪು ಜೋಡಿಸಿಟ್ಟಿರುತ್ತೇನೆ. ಫಿನ್ಲೆ ನಿನಗೊಂದು ಚಿತ್ರ ಬರೆದಿದ್ದಾನೆ. ಕೆಂಪಗೆ ದೊಡ್ಡದಾಗಿರುವುದು ನೀನು, ಪಕ್ಕದಲ್ಲಿ ಚಿಕ್ಕದಾಗಿರುವುದು ಲಾರಿ. ನಿನ್ನ ಮಂಡಿಗೂ ನಿನಗೂ ನಮ್ಮಿಬ್ಬರ ಮುತ್ತು.

ಇಂತಿ ನಿನ್ನ ಮಾತು ಕೇಳದ ಮಗಳು,
ರೋನಾ

ಮರೆತಿದ್ದೆ, ಅಂಚೆಯ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಮಾರ್ಚಿನಲ್ಲಿ ಕನ್ನಡಕ ತೆಗೆದು ನೀನು ಕೇಳಿದ್ದೆಯಲ್ಲ, ‘ಪಿಂಚಣಿ ಬಂದ್ರೆ ಅದು ನನ್ ಹೆಸರಿಗೇ ಬರತ್ತೇನೇ? ನಾನೇ ತಗೋಬಹುದಾ?’ ಎಂದು. ಅಷ್ಟರಲ್ಲಿ ಅಪ್ಪ ಬಂದರು, ಅವರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ವಿಮೆಯ ಕಚೇರಿಯ ಆ ಹೆಂಗಸನ್ನು ಕೊನೆಗೆ ಕೇಳಿದ್ದು ಇದೊಂದೇ. ಹೌದು ಅಮ್ಮಾ, ನಿನ್ನ ಹೆಸರಿಗೇ. ಯಾರನ್ನೂ ಕೇಳಬೇಕಾಗಿಲ್ಲ. ಸಹಿ ಮಾಡು.