ಮುತ್ತಜ್ಜನ ತಪ್ಪನ್ನು ತಿದ್ದಬೇಡಿ

ದಳದ ದಾಖಲೆ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಬರುವ ತಿಂಗಳ ಮೊದಲ ದಿನದಿಂದ ನಿಮ್ಮ ದಳದ ಸಂಜೆ ಕಹಳೆಯನ್ನು ‘ಸರಿಯಾದ ಕ್ರಮದಲ್ಲಿ’ ಊದತಕ್ಕದ್ದು ಎಂದು ತಾವು ಹೊರಡಿಸಿರುವ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೇಳಲು ಈ ಪತ್ರ. ಕಹಳೆ ತಪ್ಪಾಗಿಯೇ ಇರಲಿ. ಆ ತಪ್ಪು ಸರ್ಕಾರದ್ದಲ್ಲ, ನಮ್ಮ ಮನೆಯದು. ನಮ್ಮ ಮುತ್ತಜ್ಜ ಸ್ವಂತ ಬಾಯಿಂದ, ಸ್ವಂತ ಉಸಿರಿನಿಂದ ಮಾಡಿದ್ದು. ಆತ ಸೈನ್ಯದಲ್ಲಿದ್ದ ಎಂಬುದಕ್ಕೆ ಈ ಭೂಮಿಯ ಮೇಲೆ ಉಳಿದಿರುವ ಒಂದೇ ಒಂದು ಸಾಕ್ಷಿಯನ್ನು ನೀವು ಅಳಿಸಲು ಹೊರಟಿದ್ದೀರಿ. ಆ ಸಾಕ್ಷಿಯನ್ನು ನಿಮಗೆ ತೋರಿಸಿಕೊಟ್ಟವಳೂ ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಸಿಟ್ಟಿನಿಂದ ಬರೆಯಬೇಕೆಂದು ಕುಳಿತರೂ ನಗು ಒತ್ತರಿಸಿ ಬರುತ್ತಿದೆ, ಕ್ಷಮಿಸಿ. ಕೆಲವು ವಾರಗಳಿಂದ ನಮ್ಮ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿಲ್ಲ. ಮುತ್ತಜ್ಜ ಸಿಕ್ಕಿದ್ದಾನೆ ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುವ ಹಂತಕ್ಕೆ ನಮ್ಮ ಅಮ್ಮ ತಲುಪಿದ್ದಾರೆ. ಎಲ್ಲಿ ಕಳೆದುಹೋಗಿದ್ದ ಎಂದು ಕೇಳಿದವರಿಗೆ ನಿಮ್ಮ ಕಚೇರಿಯ ವಿಳಾಸ ಕೊಡುತ್ತಿದ್ದೇವೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಅಜ್ಜಿಗೆ, ಎಂದರೆ ಅಮ್ಮನ ಅಮ್ಮನಿಗೆ, ಈಗ ತೊಂಬತ್ತರ ಹತ್ತಿರ. ಅವಳ ಅಪ್ಪ ಸೈನ್ಯದಲ್ಲಿ ಕಹಳೆ ಊದುತ್ತಿದ್ದ, ಹೊಸದಾಗಿ ಸೇರಿದ ಹುಡುಗರಿಗೂ ಕಲಿಸುತ್ತಿದ್ದ. ರಜೆಗೆ ಬಂದಾಗ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿಸಬೇಕಲ್ಲ, ಅವನಿಗೆ ಜೋಗುಳ ಬರುತ್ತಿರಲಿಲ್ಲ. ಬರುತ್ತಿದ್ದುದು ಸಂಜೆ ಬಾವುಟ ಇಳಿಸುವಾಗ ಊದುವ ಕರೆಯೊಂದೇ. ಅದನ್ನೇ ಬಾಯಲ್ಲಿ ಮೆಲ್ಲಗೆ ಹಾಡಿ ಮಲಗಿಸುತ್ತಿದ್ದ. ಸೇವೆ ಮುಗಿಸಿ ಮನೆಗೆ ಬರುವಾಗ ಕಾಗದಪತ್ರವಿದ್ದ ಟ್ರಂಕು ರೈಲಿನಲ್ಲಿ ಕಳವಾಯಿತು. ಬಂದ ಕೆಲವೇ ತಿಂಗಳಲ್ಲಿ, ಅಜ್ಜಿ ಇನ್ನೂ ಪುಟ್ಟವಳಿರುವಾಗಲೇ, ಅವನೂ ತೀರಿಕೊಂಡ. ಅಜ್ಜಿಯ ಬಳಿ ಉಳಿದದ್ದು ಆ ರಾಗ ಮಾತ್ರ. ಅದರಲ್ಲಿ ಅಮ್ಮ, ಚಿಕ್ಕಮ್ಮ, ನಾನು, ನನ್ನ ತಮ್ಮ, ಅವನ ಮಗಳು, ಎಲ್ಲರೂ ಮಲಗಿ ಬೆಳೆದೆವು.

ಆ ರಾಗದಲ್ಲಿ ಒಂದು ವಿಚಿತ್ರವಿದೆ. ಸ್ವರ ಏರುತ್ತಾ ಹೋಗಿ ಎಲ್ಲಕ್ಕಿಂತ ಮೇಲೆ ಮುಟ್ಟುವ ಹೊತ್ತಿಗೆ ಉಸಿರು ಒಮ್ಮೆ ತಪ್ಪುತ್ತದೆ. ಎಡವಿದ ಮನುಷ್ಯ ಸಾವರಿಸಿಕೊಂಡು ನಡೆದಂತೆ ಮತ್ತೆ ಹಿಡಿದುಕೊಂಡು ಏರುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಬಿಕ್ಕಳಿಕೆ ಎಂದೇ ಹೆಸರು. ಬಿಕ್ಕಳಿಕೆ ಬಾರದೆ ನಮ್ಮ ಮನೆಯ ಮಕ್ಕಳು ಕಣ್ಣು ಮುಚ್ಚುವುದಿಲ್ಲ. ಮದುವೆಯಾಗಿ ಬಂದ ಅಳಿಯಂದಿರೂ ಸೊಸೆಯೂ ಇದನ್ನು ಅಭ್ಯಾಸ ಮಾಡಬೇಕಾಯಿತು. ರಾಗ ಇರುವುದೇ ಹಾಗೆ ಎಂದು ನಾವು ಮಕ್ಕಳೆಲ್ಲ ನಂಬಿದ್ದೆವು.

ಮುತ್ತಜ್ಜ ಸೈನ್ಯದಲ್ಲಿದ್ದ ಎಂಬುದನ್ನೇ ನಂಬದವಳು ಒಬ್ಬಳಿದ್ದಳು. ಅಜ್ಜಿಯ ನಾದಿನಿ, ಎಂದರೆ ತಾತನ ತಂಗಿ. ಏನು ಹೇಳಿದರೂ ಪುರಾವೆ ಕೇಳುವುದರಿಂದ ಅವಳಿಗೆ ಹೈಕೋರ್ಟ್ ಅಜ್ಜಿ ಎಂದು ಹೆಸರು. ಅಜ್ಜಿ ಮದುವೆಯಾಗಿ ಬಂದ ದಿನದಿಂದ ಅವಳದು ಒಂದೇ ಪ್ರಶ್ನೆ: “ನಿಮ್ಮಪ್ಪ ಸೈನ್ಯದಲ್ಲಿದ್ದ ಅಂತೀಯಲ್ಲ, ಯಾವ ಸೈನ್ಯ? ಇರುವೆ ಸೈನ್ಯವಾ?” ಇಬ್ಬರೂ ಒಂದೇ ಮನೆಯಲ್ಲಿ, ಅಕ್ಕಪಕ್ಕದ ಮಂಚದಲ್ಲಿ ಮುದುಕಿಯರಾದರು. ಪ್ರಶ್ನೆಗೆ ಮಾತ್ರ ವಯಸ್ಸಾಗಲಿಲ್ಲ. ಅಜ್ಜಿ ಮೇಲೆ ನಗುತ್ತಿದ್ದಳು, ಒಳಗೆ ಅವಳಿಗೆ ಅದು ಚುಚ್ಚುತ್ತಿತ್ತು. ನಾನು ಮುತ್ತಜ್ಜನ ಸೇವೆಯ ಜಾಡು ಹಿಡಿಯಲು ಹೊರಟದ್ದು ಅದಕ್ಕೇ.

ಅಜ್ಜಿಯ ಅಮ್ಮ ಹೇಳುತ್ತಿದ್ದ ದಳದ ಹೆಸರು ಹಿಡಿದು ನಿಮ್ಮ ಕಚೇರಿಗೆ ಬರೆದೆ. ಹಳೆಯ ದಾಖಲೆಗಳು ಬೆಂಕಿಗೆ ಆಹುತಿಯಾಗಿವೆ ಎಂದು ಉತ್ತರ ಬಂತು. ಅಯ್ಯೋ ಪಾಪ ಎಂದುಕೊಂಡು, ಬೆಂಕಿಯಲ್ಲಿ ಅಳಿದುಳಿದದ್ದಾದರೂ ಇದೆಯೇ ಎಂದು ಮತ್ತೆ ಬರೆದೆ. ಅದೇ ದಾಖಲೆಗಳಿಗೆ ಗೆದ್ದಲು ಹಿಡಿದಿದೆ ಎಂದು ಉತ್ತರ ಬಂತು. ಮಾನ್ಯರೇ, ಬೆಂಕಿ ಮೊದಲೋ ಗೆದ್ದಲು ಮೊದಲೋ? ನಿಮ್ಮ ಗೆದ್ದಲು ಬೂದಿಯನ್ನೂ ಬಿಡುವುದಿಲ್ಲವೋ, ನಿಮ್ಮ ಬೆಂಕಿ ಹುತ್ತವನ್ನು ಸುಟ್ಟಿತೋ? ಮೂರನೆಯ ಸಲ ಮುತ್ತಜ್ಜನ ಸೇವಾ ಸಂಖ್ಯೆ ಕೊಟ್ಟರೆ ಹುಡುಕಬಹುದು ಎಂದಿರಿ. ಆ ಸಂಖ್ಯೆ ಕೊಡಿ ಎಂದೇ ನಾನು ಮೊದಲ ಪತ್ರ ಬರೆದದ್ದು. ಕೊನೆಗೆ “ಸದರಿ ವ್ಯಕ್ತಿ ಈ ದಳದಲ್ಲಿ ಸೇವೆ ಸಲ್ಲಿಸಿಲ್ಲ” ಎಂದು ಷರಾ ಬರೆದು ಕೈ ತೊಳೆದುಕೊಂಡಿರಿ. ದಾಖಲೆಯೇ ಇಲ್ಲದೆ ಇಷ್ಟು ಖಚಿತವಾಗಿ ಹೇಳುವ ವಿದ್ಯೆ ನಮಗೂ ಸ್ವಲ್ಪ ಕಲಿಸಬಾರದೇ?

ಇಷ್ಟರಲ್ಲಿ ನಿಮ್ಮ ದಳ ನಮ್ಮ ಊರಿನ ಹೊರಗಿನ ಶಿಬಿರಕ್ಕೆ ಬಂದು ನೆಲೆಯೂರಿತು. ನಾನು ಡ್ರೈವಿಂಗ್ ಶಾಲೆ ನಡೆಸುವವಳು. ಒಂದು ಸಂಜೆ ಮಾಮೂಲಿ ರಸ್ತೆ ಅಗೆದಿದ್ದರಿಂದ ನಿಮ್ಮ ಮೈದಾನದ ಗೋಡೆಯ ಪಕ್ಕ ಪಾಠ ಮಾಡುತ್ತಿದ್ದೆ. ಸ್ಟೀರಿಂಗಿನ ಮುಂದೆ ಔಷಧಿ ಅಂಗಡಿಯವರು ಕುಳಿತಿದ್ದರು. ಪಾಪ, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸವೇ ಕಾಣದ ಸಮದರ್ಶಿ. ಅಷ್ಟರಲ್ಲಿ ಗೋಡೆಯಾಚೆ ಕಹಳೆ ಮೊಳಗಿತು. ಎಲ್ಲೋ ಕೇಳಿದಂತಿದೆಯಲ್ಲ ಎಂದು ಕಿವಿಗೊಟ್ಟೆ. ಸ್ವರ ಏರಿತು, ಏರಿತು, ಮೇಲೆ ಮುಟ್ಟುವಾಗ ತಪ್ಪಿತು. ಬಿಕ್ಕಳಿಕೆ. ನನ್ನ ಕಾಲಿನ ಕೆಳಗಿನ ಬ್ರೇಕನ್ನು ಎಷ್ಟು ಬಲವಾಗಿ ತುಳಿದೆನೆಂದರೆ ಔಷಧಿ ಅಂಗಡಿಯವರ ಕನ್ನಡಕ ಜಾರಿ ಮಡಿಲಿಗೆ ಬಿತ್ತು.

“ಮೇಡಂ, ನಾನೇನೂ ಮಾಡ್ಲಿಲ್ಲ,” ಎಂದರು.

“ನೀವಲ್ಲ ಸಾರ್, ನಮ್ಮ ಮುತ್ತಜ್ಜ,” ಎಂದೆ.

ಅವರು ಮರುದಿನದಿಂದ ಬೇರೆ ಶಾಲೆಗೆ ಸೇರಿದ್ದಾರೆಂದು ಕೇಳಿದೆ.

ಮಾರನೆಯ ಸಂಜೆ ಕಲಿಕೆಯ ಕೆಂಪು ಬೋರ್ಡು ಹೊತ್ತ ಅದೇ ಕಾರಿನಲ್ಲಿ ಅಜ್ಜಿ, ಅಮ್ಮ, ಹೈಕೋರ್ಟ್ ಅಜ್ಜಿ ಮೂವರನ್ನೂ ತುಂಬಿಕೊಂಡು ಹೋಗಿ ಗೋಡೆಯ ಪಕ್ಕ ನಿಲ್ಲಿಸಿದೆ. ಏನು ಎತ್ತ ಎಂದು ಯಾರಿಗೂ ಹೇಳಿರಲಿಲ್ಲ. ಕಹಳೆ ಶುರುವಾಯಿತು. ಅಜ್ಜಿ ಸೀಟಿನ ತುದಿಗೆ ಬಂದು ಕುಳಿತಳು, ಮೂವರೂ ಜೊತೆಗೇ ಗುನುಗತೊಡಗಿದರು. ಸ್ವರ ತಪ್ಪುವ ಜಾಗಕ್ಕೆ ಸರಿಯಾಗಿ ಅಜ್ಜಿಯ ಉಸಿರೂ ತಪ್ಪಿತು, ಅಮ್ಮನದೂ ತಪ್ಪಿತು. ಅಷ್ಟೇ ಅಲ್ಲ, ತನ್ನ ಮಕ್ಕಳನ್ನೂ ಅದೇ ರಾಗದಲ್ಲಿ ಮಲಗಿಸಿದ್ದ ಹೈಕೋರ್ಟ್ ಅಜ್ಜಿಯದೂ ತಪ್ಪಿಬಿಟ್ಟಿತು.

“ಇನ್ನೊಂದ್ಸಲ ಊದೋಕೆ ಹೇಳು,” ಎಂದಳು ಹೈಕೋರ್ಟ್ ಅಜ್ಜಿ.

“ದಿನಕ್ಕೆ ಒಂದೇ ಸಲ ಅಜ್ಜಿ.”

“ಹಾಗಾದ್ರೆ ನಾಳೆ ಮತ್ತೆ ಬರೋಣ. ಒಂದೇ ಸಲಕ್ಕೆ ನಾನು ಯಾವುದನ್ನೂ ಒಪ್ಪಲ್ಲ.”

ದಿನವೂ ಹೋದೆವು. ಡ್ರೈವಿಂಗ್ ಶಾಲೆಯ ಕಾರೊಂದು ಮುದುಕಿಯರನ್ನು ತುಂಬಿಕೊಂಡು ಸೈನ್ಯದ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರೆ ಯಾರಿಗಾದರೂ ಅನುಮಾನ ಬರುವುದೇ. ನಿಮ್ಮ ಬ್ಯಾಂಡ್ ಮಾಸ್ತರರು ವಿಚಾರಿಸಲು ಬಂದರು. ಬೇರೆ ದಳಗಳಲ್ಲಿ ಈ ಕರೆಯನ್ನು ನೇರವಾಗಿ ಊದುತ್ತಾರೆ, ಹೀಗೆ ಮುರಿದು ಊದುವುದು ನಮ್ಮಲ್ಲಿ ಮಾತ್ರ ಎಂದು ಹೆಮ್ಮೆಯಿಂದ ಹೇಳಿದರು. ಅವರ ಗುರುಗಳಿಗೆ ಅವರ ಗುರುಗಳು ಹೀಗೇ ಕಲಿಸಿದ್ದಂತೆ. ನೇರವಾಗಿ ಊದಿದ ಹುಡುಗರ ಕಿವಿ ಹಿಂಡುತ್ತಿದ್ದರಂತೆ. ನಿಮ್ಮ ದಳದ ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ‘ಮಡಿದ ಯೋಧರಿಗಾಗಿ ತಡೆಹಿಡಿದ ಕಣ್ಣೀರು’ ಎಂಬ ವ್ಯಾಖ್ಯಾನವೂ ಇದೆಯಂತೆ.

“ಕಣ್ಣೀರೂ ಇಲ್ಲ ಗಿಣ್ಣೀರೂ ಇಲ್ಲಪ್ಪ,” ಎಂದಳು ಅಜ್ಜಿ. “ನಮ್ಮಪ್ಪನಿಗೆ ಮುಂದಿನ ಹಲ್ಲಿರಲಿಲ್ಲ. ನೀವು ಕೊಡ್ತಿದ್ರಲ್ಲ, ಕಲ್ಲಿನಂಥ ಬಿಸ್ಕತ್ತು, ಅದನ್ನ ಕಚ್ಚಿ ಮುರ್ಕೊಂಡಿದ್ದ. ಮೇಲಿನ ಸ್ವರ ಹಿಡಿಯೋವಾಗ ತುಟಿ ಆ ಸಂದಿಗೆ ಹೋಗಿ ಉಸಿರು ತಪ್ತಿತ್ತು, ಅದೇ ರೂಢಿಯಾಗಿ ಹಾಡೋವಾಗ್ಲೂ ತಪ್ತಿತ್ತು ಅಂತ ನಮ್ಮಮ್ಮ ಹೇಳೋಳು.”

ಬ್ಯಾಂಡ್ ಮಾಸ್ತರರು ಕಾರಿನ ಬಾಗಿಲು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕರು. “ಅಲ್ಲಮ್ಮಾ, ಬಾಯ್ತುಂಬ ಹಲ್ಲಿಟ್ಕೊಂಡು, ಆ ಮುರಿತ ಬರೋಕೆ ನಾನು ಎರಡು ವರ್ಷ ಒದ್ದಾಡಿದ್ದೀನಿ,” ಎಂದು ಕಣ್ಣೊರೆಸಿಕೊಂಡರು. ಆಮೇಲೆ ಅಜ್ಜಿಯ ಕೈಲಿ ಪೂರ್ತಿ ರಾಗ ಹಾಡಿಸಿದರು. ಅವಳು ಮುಗಿಸಿದಾಗ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ತೊಂಬತ್ತು ವರ್ಷದ ಹೆಂಗಸು ಕಾರಿನ ಹಿಂದಿನ ಸೀಟಿನಲ್ಲಿ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಸಂತೋಷದ ಅಮಲಿನಲ್ಲಿ ನಾನು ನಿಮಗೆ ಪತ್ರ ಬರೆದೆ. ಕುಣಿಯುತ್ತಾ ಬರೆದೆ ಎಂದರೂ ಸರಿಯೇ. ಹಲ್ಲಿನ ಕಥೆ, ಬಿಸ್ಕತ್ತಿನ ಕಥೆ, ಜೋಗುಳದ ಕಥೆ ಎಲ್ಲವನ್ನೂ ಬರೆದು, ಹಳೆಯ ಕಹಳೆಗಾರರ ನೆನಪಿಗೆಂದು ಮೈದಾನದಲ್ಲಿ ನೀವು ನಿಲ್ಲಿಸುತ್ತಿರುವ ಕಲ್ಲಿನಲ್ಲಿ ಮುತ್ತಜ್ಜನ ಹೆಸರನ್ನೂ ಕೊರೆಸಿ ಎಂದು ಕೇಳಿದೆ. ನಿಮ್ಮ ಉತ್ತರ ಈ ಸಲ ಬಹಳ ಬೇಗ ಬಂತು. ಸದರಿ ವ್ಯಕ್ತಿಯ ಸೇವೆಗೆ ದಾಖಲೆಯಿಲ್ಲದ ಕಾರಣ ಹೆಸರು ಕೊರೆಸಲು ಬರುವುದಿಲ್ಲ. ಆದರೆ ಕಹಳೆಯಲ್ಲಿದ್ದ ದೋಷವನ್ನು ಗಮನಕ್ಕೆ ತಂದಿದ್ದಕ್ಕಾಗಿ ಧನ್ಯವಾದಗಳು.

ಧನ್ಯವಾದಗಳಂತೆ! ಗೇಟಿನ ಹೊರಗಿನ ಬೋರ್ಡಿಗೆ ನೀವು ಹಚ್ಚಿರುವ ಆದೇಶವನ್ನು ನಾನು ಅಲ್ಲೇ ನಿಂತು ಓದಿದೆ. “ಮಾಜಿ ಕಹಳೆಗಾರರೊಬ್ಬರ ದಂತದೋಷದಿಂದ ರೂಢಿಗೆ ಬಂದಿರುವ ಲೋಪವನ್ನು ಸರಿಪಡಿಸತಕ್ಕದ್ದು.” ಎಷ್ಟು ಚಂದದ ವಾಕ್ಯ, ಮಾನ್ಯರೇ. ಕಣ್ಣೀರು ಎಂದುಕೊಂಡಿದ್ದಾಗ ಅದು ಪರಂಪರೆಯಾಗಿತ್ತು, ಬಿಸ್ಕತ್ತು ಎಂದು ಗೊತ್ತಾದ ಕೂಡಲೇ ಲೋಪವಾಯಿತು. ಬಿಸ್ಕತ್ತು ಕೊಟ್ಟವರು ಯಾರು ಎಂದು ಮಾತ್ರ ಯಾರೂ ಕೇಳುವಂತಿಲ್ಲ.

ಆದೇಶವನ್ನು ಮನೆಯಲ್ಲಿ ಓದಿ ಹೇಳಿದೆ. ಬಾಳೆಲ್ಲ ಮುತ್ತಜ್ಜನ ವಿರುದ್ಧ ವಾದಿಸಿದ್ದ ಹೈಕೋರ್ಟ್ ಅಜ್ಜಿ ಮಂಚದ ಮೇಲೆ ಎದ್ದು ಕುಳಿತಳು.

“ಏನಂತೆ? ಹಲ್ಲಿರಲಿಲ್ಲ ಅನ್ನೋದು ಅವರಿಗೆ ಗೊತ್ತಂತೆ, ಮನುಷ್ಯ ಇದ್ದ ಅನ್ನೋದು ಗೊತ್ತಿಲ್ವಂತೆ? ಹಲ್ಲಿನ ಸಂದಿ ಒಂದೇ ಹೋಗಿ ಸೈನ್ಯಕ್ಕೆ ಸೇರ್ಕೊಂಡಿತ್ತಾ? ಅವನು ಇದ್ದ ಅಂದ್ರೆ ಹೆಸರು ಕೊರೀಲಿ. ಇರಲೇ ಇಲ್ಲ ಅಂದ್ರೆ ಹಲ್ಲು ಮುರಿದಿದ್ದೂ ಇಲ್ಲ, ತಪ್ಪು ಊದಿದ್ದೂ ಇಲ್ಲ. ಮತ್ತೇನು ತಿದ್ದುತಾರೆ? ಬರಿ, ಹೀಗೇ ಬರಿ.”

ಹೀಗೇ ಬರೆದಿದ್ದೇನೆ. ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಕಳಿಸಿಕೊಡಿ, ಆದರೆ ವಾದಕ್ಕೆ ನಿಲ್ಲುವ ಮುನ್ನ ಎರಡು ಸಲ ಯೋಚಿಸಿ. ಆಕೆಯೆದುರು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಗೆದ್ದಿಲ್ಲ.

ನನ್ನದೂ ಒಂದು ಮಾತಿದೆ. ತಪ್ಪು ತಿದ್ದುವುದೇ ನನ್ನ ಹೊಟ್ಟೆಪಾಡು. ಗೇರು ತಪ್ಪು ಹಾಕಿದವರನ್ನು ನಾನು ಬಿಡುವವಳಲ್ಲ. ಆದರೆ ನನ್ನ ಬಳಿ ಕಲಿತವರು ತಿರುವಿನಲ್ಲಿ ಹಾರ್ನ್ ಮಾಡುವ ಮೊದಲು ಕತ್ತು ಕೆರೆದುಕೊಳ್ಳುವುದನ್ನು ನೋಡಿದ್ದೇನೆ. ಅದು ನನ್ನ ಕೆಟ್ಟ ಅಭ್ಯಾಸ. ಪಾಠದ ಜೊತೆ ಕಲಿಸಿದವರೂ ಹೋಗಿರುತ್ತಾರೆ, ಅದನ್ನು ಬೇರ್ಪಡಿಸಲು ಬರುವುದಿಲ್ಲ. ಮುತ್ತಜ್ಜನ ಶಿಷ್ಯರಿಗೆ ಅವನೆಂದರೆ ಎಷ್ಟು ಪ್ರೀತಿಯಿದ್ದಿರಬೇಕು, ಅವನ ಹಲ್ಲಿನ ಸಂದಿಯನ್ನೂ ಬಿಡದೆ ಕಲಿತಿದ್ದಾರೆ. ಅವರಲ್ಲಿ ಯಾರೊಬ್ಬರೂ ಇದನ್ನು ಲೋಪ ಎಂದಿರಲಿಲ್ಲ.

ಇನ್ನು ಬೇಡಿಕೆ. ಕಲ್ಲಿನಲ್ಲಿ ಹೆಸರು ಬೇಕೆಂದು ಹಟ ಹಿಡಿಯುವುದೋ, ಕಹಳೆಯನ್ನು ಹಾಗೇ ಬಿಡಿ ಎಂದು ಕೇಳುವುದೋ, ಎರಡರಲ್ಲಿ ಒಂದನ್ನಾದರೂ ದಳದವರು ಕೊಟ್ಟಾರು ಎಂದು ಅಜ್ಜಿಯನ್ನೇ ಕೇಳಿದೆ. ಅವಳು ಹೆಸರು ಎನ್ನುತ್ತಾಳೆ ಎಂದುಕೊಂಡಿದ್ದೆ. ಇಷ್ಟು ವರ್ಷ ಮೂದಲಿಕೆ ಕೇಳಿದವಳಲ್ಲವೇ?

“ಕಲ್ಲಲ್ಲಿ ಬರೆದ್ರೆ ನಂಗೆ ಕಾಣಲ್ಲ ಕಣೆ,” ಎಂದಳು. “ಅಪ್ಪನ ಮುಖ ನಂಗೆ ನೆನಪಿಲ್ಲ. ಫೋಟೋನೂ ಇಲ್ಲ. ಹೀಗಿದ್ದ ಹಾಗಿದ್ದ ಅಂತ ಅಮ್ಮ ಹೇಳಿದ್ದಷ್ಟೇ. ನಂಗೆ ನಾನೇ ಕೇಳಿದ್ದು ಅಂತ ಇರೋದು ಆ ಉಸಿರು ತಪ್ಪೋದೊಂದೇ. ಅದನ್ನ ಹಾಗೇ ಬಿಟ್ಬಿಡಿ ಅಂತ ಕೇಳ್ಕೋ.”

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ಹೆಸರು ನಿಮಗೆ ಭಾರವಾದರೆ ಕಲ್ಲನ್ನು ಖಾಲಿಯಾಗಿಯೇ ಇಟ್ಟುಕೊಳ್ಳಿ, ಇತಿಹಾಸದ ಪುಸ್ತಕದಲ್ಲಿ ಅದನ್ನು ಕಣ್ಣೀರು ಎಂದೇ ಬರೆದುಕೊಳ್ಳಿ, ನಮ್ಮ ಆಕ್ಷೇಪಣೆಯಿಲ್ಲ. ಕಹಳೆಯನ್ನು ಮಾತ್ರ ಮುಟ್ಟಬೇಡಿ. ನಮ್ಮ ಅಜ್ಜಿ ದಿನವೂ ಸಂಜೆ ನಿಮ್ಮ ಗೋಡೆಯ ಪಕ್ಕ ಬಂದು ಕೂರುತ್ತಾಳೆ. ದಿನಕ್ಕೆ ಒಂದು ಸಲ, ಒಂದೇ ಒಂದು ಉಸಿರಿನಷ್ಟು ಹೊತ್ತು, ಅವಳ ಅಪ್ಪ ಮನೆಗೆ ರಜೆಗೆ ಬರುತ್ತಾನೆ. ಆ ರಜೆಯನ್ನು ರದ್ದು ಮಾಡಬೇಡಿ.

ಇಂತಿ,
ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಿರುತ್ತಿತ್ತು ಎಂದು ತಡವಾಗಿ ತಿಳಿದ,
ನಿಮ್ಮ ದಳದಲ್ಲಿ ಇಲ್ಲದೇ ಇದ್ದವನ ಮರಿಮಗಳು