ಗೊಬ್ಬರ ಹಾಕದ ಪಟ್ಟಿ

ಭೀಮನಬೀಡು
ಆಗಸ್ಟ್ ೧೮, ಭಾನುವಾರ

ಪ್ರೀತಿಯ ಮಗಾ ಹರ್ಷಿತಾ,

ನಿನ್ನ ತಾತನ ಆಶೀರ್ವಾದಗಳು. ಚಾಮರಾಜನಗರದ ಹಾಸ್ಟೆಲ್ ಊಟ ಹಿಡಿಸಿತೇ? ಕೆಮ್ಮು ವಾಸಿಯಾಯಿತೇ? ನಿನ್ನ ಅಜ್ಜಿ ಸುಂದ್ರಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿ ಓಡಾಡುತ್ತಿದೆ. ನನಗೆ ನಾಲ್ಕು ದಿನದಿಂದ ನಿದ್ದೆ ಸರಿಯಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಮಳೆ ಬೆಳೆಯ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಜೋಳ ಬಲಿತಿದೆ. ನೀನು ಕಾಲೇಜಿನ ಪ್ರಯೋಗಕ್ಕೆಂದು ಅಳೆದು ಬಿತ್ತಿಸಿದ ನಾಲ್ಕು ಪಟ್ಟಿಗಳಲ್ಲಿ, ಎಕರೆಗೆ ನಾಲ್ಕು ಮೂಟೆ ಲೆಕ್ಕದಲ್ಲಿ ಯೂರಿಯಾ ಹಾಕಿದ್ದು ಆಳೆತ್ತರ ಬೆಳೆದು ಮೊನ್ನೆಯ ಗಾಳಿಗೆ ಮಲಗಿಬಿಟ್ಟಿತು. ಎರಡು ಮೂಟೆಯದರಲ್ಲೂ ತೆನೆ ಅಷ್ಟೇ ದಪ್ಪ ಇದೆ. ಹೆಚ್ಚು ಸುರಿದರೆ ಹಾಕಿದ ಕಾಸು ಹುಟ್ಟುವುದಿಲ್ಲ ಎಂದು ನೀನು ಹೇಳಿದ್ದು ನಿಜವೇ. ಒಂದು ಮೂಟೆಯದೂ ಪರವಾಗಿಲ್ಲ. ನನಗೆ ಕಳವಳ ಇರುವುದು ಏನೂ ಹಾಕಬಾರದೆಂದು ನೀನು ಬಿಟ್ಟಿದ್ದ ಪಟ್ಟಿಯದು. "ತಾತ, ಇದಕ್ಕೆ ಒಂದ್ ಹಿಡೀನೂ ಹಾಕ್ಬೇಡಿ, ಇದನ್ನ ನೋಡ್ಕಂಡೇ ಮಿಕ್ಕಿದ್ದನ್ನ ಅಳೆಯೋದು" ಎಂದು ಮೂರು ಸಲ ಹೇಳಿ ಹೋಗಿದ್ದೆ. ಜೂನ್‌ನಲ್ಲಿ ಅದು ಹಳದಿ ತಿರುಗಿ ಸೊರಗಿದಾಗ ಅಜ್ಜಿ ದಿನಾ ಮರುಗುತ್ತಿದ್ದಳು. "ಪಂಕ್ತೀಲಿ ಕೂರಿಸ್ಬುಟ್ಟು ಒಬ್ಬನ್ಗೆ ಬಡಿಸ್ದೆ ಹೋದಂಗಾಯ್ತು. ಒಂದ್ ಕಣ್ಗೆ ಬೆಣ್ಣೆ, ಒಂದ್ ಕಣ್ಗೆ ಸುಣ್ಣ" ಎನ್ನುವಳು. ಓದಿದ ಹುಡುಗಿಯ ಲೆಕ್ಕ ನಿನಗೇನು ಗೊತ್ತು ಎಂದು ನಾನೇ ಗದರಿದ್ದೆ.

ಈಗ ಅದೂ ಹಸಿರಾಗಿ ನಿಂತಿದೆ. ಎದುರುಮನೆಯ ದೇವರಾಜು ಕಳಿಸಿದ ಫೋಟೊ ನೋಡಿ, ನಮ್ಮ ಮಣ್ಣಿಗೆ ಯೂರಿಯಾನೇ ಬೇಡವೇನೋ ಎಂದು ನೀನು ಖುಷಿಪಟ್ಟೆಯಂತೆ. ಪಕ್ಕದ ಹೊಲದ ಪುಟ್ಟಬಸಪ್ಪನೂ ನಿನ್ನೆ ಹೊಂಗೆ ಮರದಡಿ ನಿಂತು ನೋಡಿ, "ಮುಂದಿನ್ ವರ್ಸ ನಾನೂ ಒಂದ್ ಮೂಟೆ ತರಕಿಲ್ಲ ಕಣಣ್ಣ" ಅಂದ. ಅವನಿಗಿರುವುದು ಅದೊಂದೇ ಹೊಲ. ತೂಕ ಆಗೋವರೆಗೂ ತಡಿ ಎಂದಷ್ಟೇ ಹೇಳಿ ಬಂದೆ. ಶುಕ್ರವಾರ ನಿಮ್ಮ ಮೇಷ್ಟ್ರು ಬಂದು ಕೊಯ್ಯಿಸಿ ತೂಕ ಹಾಕುತ್ತಾರೆ. ಅಲ್ಲಿಯವರೆಗೆ ಕಾಲೇಜಿಗೆ ಏನನ್ನೂ ಬರೆದು ಕೊಡಬೇಡ ಮಗಾ.

ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜಿ ಹುಚ್ಚೆಳ್ಳು ಚಟ್ನಿಪುಡಿ ಕೊಟ್ಟಿದ್ದಾಳೆ, ಕಾಗದದ ಜೊತೆ ದೇವರಾಜು ತರುತ್ತಾನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ತಾತ,
ಪುಟ್ಟಮಾದಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ಬಂತು. ಅಜ್ಜಿಯನ್ನು ಅನುಮಾನಿಸಬೇಡ. ಜೂನ್‌ನಲ್ಲಿ ಮಳೆ ಬಿದ್ದ ಮಾರನೇ ಬೆಳಿಗ್ಗೆ ಆ ಪಟ್ಟಿಗೆ ಯೂರಿಯಾ ಎರಚಿದವನು ನಾನು. ಅವಳನ್ನು ಗದರಿ ಹೊಲಕ್ಕೆ ಹೋದವನಿಗೆ ಅದರ ಮುಖ ನೋಡಲಾಗಲಿಲ್ಲ. ಹೊಂಗೆ ಮರದ ಕಡೆಯ ಅರ್ಧಕ್ಕೇ ಚೀಲ ಖಾಲಿಯಾಯಿತು. ಫೋಟೊ ತೆಗೆಸಿದ್ದೂ, ಪುಟ್ಟಬಸಪ್ಪ ನೋಡಿದ್ದೂ ಆ ಕಡೆಯದನ್ನೇ. ಬದುವಿನ ಕಡೆಯ ಅರ್ಧ ನೀನು ಬಿಟ್ಟುಹೋದ ಹಾಗೇ ಬಡಕಲಾಗಿ ಇದೆ. ನಡುವೆ ಅಜ್ಜಿಯ ಹಳೇ ಸೀರೆಯ ಅಂಚು ಕಟ್ಟಿ ಗುರುತು ಮಾಡಿದ್ದೇನೆ. ಗುರುವಾರವೇ ಬಾ, ಆ ಬಡಕಲನ್ನೇ ತೂಗಿಸು. ಮೇಷ್ಟ್ರಿಗೂ ಪುಟ್ಟಬಸಪ್ಪನಿಗೂ ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಂತಿರು, ಸಾಕು.