ವೇವ್ ಅಂದರೆ ಮನ್ನಾ

ಹಾಸ್ಟೆಲ್, ಹದಿನಾಲ್ಕನೇ ಕೋಣೆ
ಮಂಗಳವಾರ, ೧೧ನೇ ತಾರೀಖು

ನನ್ನ ಚಿಕ್ಕಮ್ಮಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಎಡಗಿವಿಯೊಳಗಿನ ಗುಂಯ್ ಸದ್ದು ಜಾಸ್ತಿಯಾಗಿಲ್ಲ ತಾನೇ? ಫೋನಿನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತೀಯ. ಕೇಳಿಸಿ ಅನ್ನುತ್ತೀಯೋ, ಕೇಳಿಸದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಈ ಕಾಗದ. ನಿಧಾನವಾಗಿ ನೀನೇ ಓದು, ಯಾರ ಕೈಲೂ ಓದಿಸಬೇಡ.

ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಸೇರುತ್ತಿದೆ, ನಿದ್ದೆ ಅಷ್ಟಕ್ಕಷ್ಟೇ. ಕೋಣೆಯ ಹುಡುಗಿಯರು ನನಗೆ ‘ಟೆನ್ಷನ್’ ಅಂತಲೇ ಹೆಸರಿಟ್ಟಿದ್ದಾರೆ. ‘ಟೆನ್ಷನ್ ಬಂದ್ಲು, ಬಾಗಿಲು ಹಾಕ್ರೇ’ ಅನ್ನುತ್ತಾರೆ. ಈ ಸಲ ಮಾತ್ರ ಅದಕ್ಕೆ ಕಾರಣವಿದೆ.

ರಜೆಗೆ ಬಂದಾಗ ನಿಮ್ಮ ಲಾಂಡ್ರಿಯವರು ಕೊಟ್ಟ ಫಾರ್ಮನ್ನು ನನ್ನ ಮುಂದೆ ಹಿಡಿದೆಯಲ್ಲ, ಹೊಸ ವಿಮೆಯದು ಅಂತ. ‘ಇಂಗ್ಲಿಷ್ ಓದಿದವಳು ಮನೇಲಿದ್ದಾಳೆ, ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ’ ಅಂತ ಪಕ್ಕದ ಮನೆಯಾಕೆಯ ಮುಂದೆ ಜಂಬ ಬೇರೆ. ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ ಚಿಕ್ಕಮ್ಮಾ. ತಿಳಿಯಲಿಲ್ಲ ಅನ್ನಲು ನಾಚಿಕೆಯಾಯಿತು. ಎಂಟನೇ ಸಾಲಿನಲ್ಲಿ ‘ವೇವ್’ ಅನ್ನುವ ಮಾತು ಕಂಡಿತು. ಅದು ನನಗೆ ಹಳೆಯ ನೆಂಟ. ಐದನೇ ಕ್ಲಾಸಿನಿಂದ ಪ್ರತಿ ವರ್ಷ ನನ್ನ ಹಾಸ್ಟೆಲ್ ಚೀಟಿಯ ಮೇಲೆ ‘ಫೀಸ್ ವೇವ್ಡ್’ ಅಂತ ಮೊಹರು ಒತ್ತುತ್ತಿದ್ದರು, ನೀನದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ವೇವ್ ಅಂದರೆ ಮನ್ನಾ. ‘ಏನೋ ಮನ್ನಾ ಮಾಡ್ತಾರಂತೆ, ಡಾಕ್ಟರ್ ಖರ್ಚಿರಬೇಕು, ಸಹಿ ಹಾಕು’ ಅಂದೆ. ನೀನು ಹಾಕಿದೆ.

ನಿನ್ನೆ ತರಗತಿಯಲ್ಲಿ ಕೆಲಸಗಾರರ ಸಂಬಳ, ಸವಲತ್ತು, ಖಾಸಗಿತನದ ಪಾಠ. ಮೇಡಂ ಒಂದು ಮಾದರಿ ಫಾರ್ಮ್ ಓದಿಸುವಾಗ ಅದೇ ಮಾತು ಬಂತು. ನಾನು ಎದ್ದು ನಿಂತು ಮನ್ನಾ ಅಂದೆ. ‘ಸರಿ. ಯಾರು, ಯಾರಿಗೆ ಮನ್ನಾ ಮಾಡ್ತಿರೋದು?’ ಅಂದರು. ಕೂತವಳೇ ಫೋನ್ ತೆಗೆದೆ. ಸಹಿ ಹಾಕಿದ ದಿನ ತೆಗೆದಿಟ್ಟುಕೊಂಡಿದ್ದ ನಿನ್ನ ಫಾರ್ಮಿನ ಫೋಟೋ ನೋಡಿದೆ. ಮನ್ನಾ ಮಾಡಿದವಳು ನೀನು, ಬಿಟ್ಟುಕೊಟ್ಟದ್ದು ನಿನ್ನ ಹಕ್ಕು. ಆಸ್ಪತ್ರೆಯಲ್ಲಿರುವ ನಿನ್ನ ಚೀಟಿಗಳನ್ನೆಲ್ಲ ಆಫೀಸಿನವರು ನಿನ್ನನ್ನು ಕೇಳದೆ ತರಿಸಿ ನೋಡಬಹುದು, ಅಡ್ಡಿಯಿಲ್ಲ ಅಂತ ಬರೆದುಕೊಟ್ಟಿದ್ದೀಯ. ಇದಕ್ಕೆ ಒಪ್ಪದಿದ್ದರೂ ವಿಮೆ ಸಿಗುತ್ತದೆ ಅಂತ ಕೆಳಗೇ ಇದೆ, ಇರುವೆಯಂಥ ಅಕ್ಷರದಲ್ಲಿ.

ಕಿವಿ ಪರೀಕ್ಷೆಯ ಚೀಟಿಯೂ ಅಲ್ಲೇ ಇದೆಯಲ್ಲ. ‘ಅರ್ಧ ಕಿವುಡಿ ಅಂತ ಗೊತ್ತಾದ್ರೆ ಗೇಟಿನಾಚೆ ನಿಲ್ಲಿಸ್ತಾರೆ ಕಣೇ’ ಅಂತ ನೀನೇ ಅಂದಿದ್ದೆ. ಮೇಲ್ವಿಚಾರಕ ಬಯ್ಯುವಾಗ ಎಡಗಿವಿ, ಸಂಬಳದ ಮಾತೆತ್ತಿದಾಗ ಬಲಗಿವಿ ಕೊಡುತ್ತೇನೆ ಅಂತ ನಗಿಸಿದ್ದೆ. ಆರು ವರ್ಷ ಕಾಪಾಡಿಕೊಂಡದ್ದನ್ನು ನಾನು ಒಂದು ಸಹಿಯಲ್ಲಿ ಕೊಡಿಸಿಬಿಟ್ಟೆ. ಬಯ್ಯು. ಬಲಗಿವಿಯಲ್ಲೇ ಕೇಳಿಸಿಕೊಳ್ಳುತ್ತೇನೆ.

ಬೆಕ್ಕಿಗೆ ಹಾಲು ಜಾಸ್ತಿ ಹಾಕಬೇಡ. ಪಕ್ಕದ ಮನೆಯಾಕೆಗೆ ನಾನು ಕೇಳಿದೆನೆಂದು ಹೇಳು, ಇಂಗ್ಲಿಷಿನ ವಿಷಯ ಎತ್ತಬೇಡ.

ಇತಿ ನಿನ್ನ
ಅರ್ಧ ಇಂಗ್ಲಿಷಿನ ಮಗಳು

ತಾ.ಕ.: ಮೂವತ್ತು ದಿನದೊಳಗೆ ಬರೆದುಕೊಟ್ಟರೆ ಒಪ್ಪಿಗೆ ವಾಪಸ್ ಪಡೆಯಬಹುದು ಅಂತ ಫಾರ್ಮಿನ ಹಿಂಬದಿಯಲ್ಲಿದೆ. ಶನಿವಾರವೇ ಕೊನೆ. ಅರ್ಜಿ ಇದರೊಳಗೇ ಇದೆ, ಕನ್ನಡದಲ್ಲಿ. ಮೇಡಂ ತಿದ್ದಿದರು, ಯಾರದೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಇನ್ನೊಂದು, ಯಂತ್ರದ ಸದ್ದಿನಿಂದಲೇ ಕಿವಿ ಹೋಗಿದ್ದರೆ ಲಾಂಡ್ರಿಯವರಿಂದ ಚಿಕಿತ್ಸೆ ಕೇಳಬಹುದಂತೆ. ಕೇಳಬೇಕಾದರೆ ಕಿವಿಯ ವಿಷಯ ಹೇಳಬೇಕು. ಹೇಳುವುದು ಬಿಡುವುದು ನಿನ್ನಿಷ್ಟ, ನಾನು ಬಾಯಿ ಹಾಕುವುದಿಲ್ಲ. ಅರ್ಜಿಯನ್ನು ಮಾತ್ರ ಪೂರ್ತಿ ಓದು. ಒಂದು ಮಾತು ತಿಳಿಯದಿದ್ದರೂ, ನಾನು ಬರೆದದ್ದಲ್ಲವೇ ಅಂತ ಸಹಿ ಹಾಕಬೇಡ.